ವ್ಯವಹಾರದೊಳಗಿನ ದಾಸೋಹ



ವ್ಯವಹಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುವುದುಂಟು. ಬಡ್ಡಿ, ಠೇವಣಿ, ಲಾಭ ಇವೆಲ್ಲ ಪೇಟೆಯ ಮಾತುಗಳು, ಮಠದ ಅಂಗಳಕ್ಕೆ ಸಲ್ಲತಕ್ಕವಲ್ಲ ಎಂಬ ಭಾವನೆ ಬಬಲೇಶ್ವರ ಸೀಮೆಯ ಜೈನಾಪುರದವನಾದ ನನ್ನಲ್ಲಿಯೂ ಬಹುಕಾಲ ಬೇರೂರಿತ್ತು. ಅದನ್ನು ಕಿತ್ತುಹಾಕಿದ್ದು ಡಾ. ಫ.ಗು. ಹಳಕಟ್ಟಿಯವರ ಜೀವನ.

ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಬೆಳಕಿಗೆ ತಂದ ಪುಣ್ಯಪುರುಷರೆಂದು ಅವರನ್ನು ನಾವೆಲ್ಲ ಪೂಜಿಸುತ್ತೇವೆ. ಆದರೆ ವಕೀಲಿ ವೃತ್ತಿಗಾಗಿ ವಿಜಾಪುರಕ್ಕೆ ಬಂದ ಆ ಧಾರವಾಡದ ತರುಣರು 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದರೆಂಬುದು ಎಷ್ಟು ಜನರ ನೆನಪಿನಲ್ಲಿದೆ? ವಚನಶಾಸ್ತ್ರಸಾರದ ಮೊದಲ ಭಾಗ ಪ್ರಕಟವಾದದ್ದು 1923ರಲ್ಲಿ. ಅಂದರೆ ಬ್ಯಾಂಕು ಮೊದಲು, ಗ್ರಂಥ ಆಮೇಲೆ. ಈ ಕ್ರಮವನ್ನು ವಾಚಕರು ಗಮನಿಸಬೇಕು.

1876–78ರ ಘೋರ ಕ್ಷಾಮವನ್ನು ಕಂಡ ಸೀಮೆಯಿದು. ಮಳೆ ಕೈಕೊಟ್ಟ ವರ್ಷ ಒಕ್ಕಲಿಗನು ಸಾಹುಕಾರನ ಕಟ್ಟೆ ಹತ್ತದೆ ಬೇರೆ ದಾರಿ ಇರಲಿಲ್ಲ. 1904ರಲ್ಲಿ ಸಹಕಾರಿ ಕಾಯಿದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿ ದಾರಿ ತೋರಿದರು. ಸಹಕಾರದ ಮರ್ಮ ಬಹು ಸರಳವಾದುದು. ಹತ್ತು ಜನ ತಮ್ಮ ಅಲ್ಪ ಹಣವನ್ನು ಷೇರಾಗಿ ಕೂಡಿಸುತ್ತಾರೆ, ಒಬ್ಬರಿಗೊಬ್ಬರು ಜಾಮೀನಾಗುತ್ತಾರೆ. ಷೇರು ಎಷ್ಟೇ ಇರಲಿ, ಮತ ಒಂದೇ. ಲಾಭದಲ್ಲಿ ನಾಲ್ಕರಲ್ಲೊಂದು ಪಾಲು ಕಾದಿಟ್ಟ ನಿಧಿಗೆ ಹೋಗಬೇಕೆಂದು 1912ರ ಕಾಯಿದೆ ವಿಧಿಸಿತು. ಮುಂದಿನ ಬರಗಾಲಕ್ಕೆ ಹಗೇವಿನಲ್ಲಿ ಜೋಳ ತುಂಬಿಡುವ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ!

ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು, 1927ರಲ್ಲಿ 'ನವಕರ್ನಾಟಕ'ವನ್ನು. ಕಾಗದ, ಮೊಳೆ, ಚಂದಾ ಎಂಬ ನಿತ್ಯದ ಚಿಂತೆಗಳನ್ನೆಲ್ಲ ಹೊತ್ತುಕೊಂಡರು. ಮುದ್ರಣಾಲಯಕ್ಕೆ ಬಂಡವಾಳ ಬೇಕಾದಾಗ ಅವರು ಮಾರಿದ್ದು ತಮ್ಮ ಸ್ವಂತ ಮನೆಯನ್ನು. ಬ್ಯಾಂಕು ಕಟ್ಟಿದವರು ತಾವೇ ಬಾಡಿಗೆ ಮನೆಯಲ್ಲಿ ಉಳಿದರು.

ಈ ಮಾತು ನನ್ನನ್ನು ಚುಚ್ಚುತ್ತದೆ. ಏಕೆಂದರೆ ನಾನೂ ಒಂದು ಚಿಕ್ಕ ಪತ್ತಿನ ಸಂಘದ ಲೆಕ್ಕ ಬರೆದವನು. ಸಾಲ ಪಡೆದವರು ಬಂದು "ಮುಂದಿನ ಸುಗ್ಗಿಗೆ ಕೊಡತೀವ್ರೀ" ಎಂದರೆ ನಾನು ಕಂತನ್ನು ಮುಂದೂಡುತ್ತಿದ್ದೆ. ಅದನ್ನೇ ದಯೆಯೆಂದೂ ದಾಸೋಹವೆಂದೂ ಬಗೆದು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ದಿನ ವಿಧವೆ ತಾಯಿಯೊಬ್ಬಳು ಮಗಳ ಮದುವೆ ಗೊತ್ತಾಗಿದೆಯೆಂದು ತನ್ನ ಠೇವಣಿಯನ್ನು ಕೇಳಲು ಬಂದಳು. ಕೂಲಿಯಿಂದ ಉಳಿಸಿದ ಹಣ ಅದು. ಪೆಟ್ಟಿಗೆಯಲ್ಲಿ ಅಷ್ಟು ಹಣ ಇರಲಿಲ್ಲ. "ನಿಮ್ಮನ್ನ ನಂಬಿ ಇಟ್ಟಿದ್ನೆಪ್ಪಾ" ಎಂದಷ್ಟೇ ಹೇಳಿ, ಕಟ್ಟೆಯ ಮೇಲೆ ಸಂಜೆಯವರೆಗೂ ಕುಳಿತಿದ್ದಳು.

ನಾನು ದಾನ ಮಾಡಿದ್ದು ಆಕೆಯ ಹಣವನ್ನು, ಆಕೆಯನ್ನು ಕೇಳದೆ. ಪಡೆದವರಲ್ಲಿ ಬಡವರೂ ಇದ್ದರು, ನಿಜ. ಆದರೆ ಆಕೆಗಿಂತ ಎರಡು ಪಟ್ಟು ಉಳ್ಳವರೇ ಹೆಚ್ಚು. ದಾಕ್ಷಿಣ್ಯಕ್ಕೆ ಬಡವರು ಬರುವುದು ಕಡಮೆ.

ಮದುವೆಯ ವೇಳೆಗೆ ನನ್ನ ಎತ್ತಿನ ಜೋಡಿಯನ್ನು ಮಾರಿ ಆಕೆಯ ಹಣವನ್ನು ಮುಟ್ಟಿಸಿದೆ. ಆ ವರ್ಷದ ವಾರ್ಷಿಕ ಸಭೆಯಲ್ಲಿ ಬಾಕಿದಾರರ ಪಟ್ಟಿಯನ್ನು ಮೊದಲ ಬಾರಿಗೆ ಎದ್ದುನಿಂತು ಗಟ್ಟಿಯಾಗಿ ಓದಿದೆ. ಸಭೆಯೆಲ್ಲ ತಲೆ ತಗ್ಗಿಸಿತ್ತು. ಪಟ್ಟಿಯಲ್ಲಿ ನನ್ನ ಅಣ್ಣನ ಹೆಸರೂ ಇತ್ತು. ಆತ ಮುಂದೆ ಎರಡು ವರ್ಷ ನಮ್ಮ ಮನೆಯ ಹೊಸ್ತಿಲನ್ನು ತುಳಿಯಲಿಲ್ಲ; ಆದರೆ ಬಾಕಿಯನ್ನು ಮಾತ್ರ ಆ ಸುಗ್ಗಿಯಲ್ಲಿಯೇ ತೀರಿಸಿದ.