ಒಂದು ಪುಟ್ಟ ಕ್ಯಾಮೆರಾದ ಮೌಲ್ಯಮಾಪನ

ಮೊನ್ನೆ ಬೀರುವನ್ನು ಸ್ವಚ್ಛಗೊಳಿಸುವಾಗ ಹಳೆಯ ಡಿಜಿಟಲ್ ಕ್ಯಾಮೆರಾವೊಂದು ಕೈಗೆ ಸಿಕ್ಕಿತು. 2005ರಲ್ಲಿ ನನ್ನ ತಮ್ಮ ಸಿಂಗಪುರದಿಂದ ತಂದುಕೊಟ್ಟದ್ದು. ಇಸ್ಪೀಟಿನ ಕಟ್ಟಿನಷ್ಟು ಗಾತ್ರ. ಅಂಗಿಯ ಜೇಬಿನಲ್ಲಿಟ್ಟರೆ ಇದೆಯೆಂಬುದೇ ಮರೆತುಹೋಗುತ್ತಿತ್ತು. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಸುಮ್ಮನಿದ್ದೀತೆ? ಇದಕ್ಕೂ ಅಂಕ ಕೊಟ್ಟುಬಿಡೋಣವೆಂದು ಕುಳಿತೆ.

ಮೊದಲು ಗಾತ್ರ. ಅದು ತೆಳುವಾದ ಕ್ಯಾಮೆರಾಗಳ ಪೈಪೋಟಿಯ ಕಾಲ. 2002ರಲ್ಲಿ ಬಂದ ಕ್ಯಾಸಿಯೊ ಎಕ್ಸಿಲಿಮ್ ಕೇವಲ 11.3 ಮಿಲಿಮೀಟರ್ ದಪ್ಪವಿತ್ತು. ಆದರೆ ಅದರ ಮಸೂರಕ್ಕೆ ಜೂಮ್ ಇರಲಿಲ್ಲ. ಅದೇ ವರ್ಷ ಮಿನೋಲ್ಟಾ ಸಂಸ್ಥೆ ತನ್ನ ಡಿಮಾಜ್ ಎಕ್ಸ್‌ನಲ್ಲಿ ಪಟ್ಟಕದ ಮೂಲಕ ಬೆಳಕನ್ನು 90 ಡಿಗ್ರಿ ತಿರುಗಿಸಿ, ಜೂಮ್ ಮಸೂರಗಳನ್ನು ಕ್ಯಾಮೆರಾದೊಳಗೇ ಲಂಬವಾಗಿ ಅಡಗಿಸಿತು. ನನ್ನದೂ ಇದೇ ಬಗೆಯದು. ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಬೆಳಕಿನ ಪಾಠವೇ ಜೇಬಿನೊಳಗೆ ಬಂದು ಕುಳಿತಿತ್ತು. ಪೂರ್ಣ ಅಂಕ.

ಇನ್ನು ಚಿತ್ರದ ಗುಣಮಟ್ಟ. ಇದರ ಸಂವೇದಕ ಸುಮಾರು 5.8 × 4.3 ಮಿಲಿಮೀಟರ್, ಹಳೆಯ ರೀಲಿನ ಒಂದು ಚೌಕಟ್ಟು 36 × 24. ಗುಣಿಸಿ ನೋಡಿ, ರೀಲಿನದು ಸುಮಾರು 35 ಪಟ್ಟು ದೊಡ್ಡದು. ಅಂಗೈಯಗಲದ ಪಾತ್ರೆಗೆ ಎಷ್ಟು ಮಳೆನೀರು ಬಿದ್ದೀತು? ಮಬ್ಬು ಬೆಳಕಿನಲ್ಲಿ ಚಿತ್ರವೆಲ್ಲ ರವೆ ಚೆಲ್ಲಿದಂತೆ. ಫ್ಲಾಷ್ ಮಸೂರದ ಪಕ್ಕದಲ್ಲೇ ಇರುವುದರಿಂದ ಅದನ್ನು ಹಾಕಿದರೆ ಎಲ್ಲರ ಕಣ್ಣೂ ಕೆಂಪು. ಇಲ್ಲಿ ನೂರಕ್ಕೆ ಮೂವತ್ತೈದು, ಅದೂ ಕನಿಕರದಿಂದ.

ಹೀಗೆ ಅಂಕಗಳನ್ನು ಕೂಡುತ್ತಿದ್ದಾಗ 2006ರ ದೀಪಾವಳಿಯ ಚಿತ್ರವೊಂದು ನೆನಪಾಯಿತು. ನಮ್ಮ ಅಮ್ಮ ಫೋಟೋ ಎಂದರೆ ಸಾಕು, ಸೆರಗು ಸರಿಪಡಿಸಿಕೊಂಡು ಮುಖ ಬಿಗಿದು ಕೂರುತ್ತಿದ್ದರು. ಮದುವೆಯ ಪಟದಿಂದ ಹಿಡಿದು ಯಾವುದರಲ್ಲೂ ನಗುವಿಲ್ಲ. ಅಂದು ಅಡುಗೆಮನೆಯಲ್ಲಿ ಕಜ್ಜಾಯ ಕರಿಯುತ್ತ ನನ್ನ ಹೆಂಡತಿಯೊಡನೆ ಏನೋ ಮಾತಾಡಿ ಬಾಯ್ತುಂಬ ನಕ್ಕರು. ಫ್ಲಾಷ್ ಆರಿಸಿ, ಬಾಗಿಲ ಬಳಿಯಿಂದಲೇ ಗುಂಡಿ ಒತ್ತಿದೆ. ನನ್ನ ಕೈಯಲ್ಲಿ ಕ್ಯಾಮೆರಾ ಇದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಚಿತ್ರ ಅಲುಗಿದೆ, ಬಣ್ಣ ಕೆಟ್ಟಿದೆ. ಮುಂದಿನ ದೀಪಾವಳಿಗೆ ಅಮ್ಮ ಇರಲಿಲ್ಲ. ಅವರು ನಗುತ್ತಿರುವ ಚಿತ್ರ ನಮ್ಮಲ್ಲಿ ಇರುವುದು ಅದೊಂದೇ.

ಬರೆದ ಅಂಕಗಳನ್ನು ಹೊಡೆದುಹಾಕಿದೆ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಬಲ್ಲವರು ನಿಮ್ಮಲ್ಲೂ ಎಷ್ಟು ಮಂದಿ ಇದ್ದಿರೋ! ಮೂವತ್ತೈದರ ಆಸುಪಾಸಿನಲ್ಲಿ ನನ್ನಿಂದ ಉಳಿದವರು ಈ ಮೇಷ್ಟ್ರನ್ನು ಕ್ಷಮಿಸಬೇಕು.

ಬ್ಯಾಟರಿ ಉಬ್ಬಿ ಕ್ಯಾಮೆರಾ ಈಗ ಕೆಲಸ ಮಾಡುವುದಿಲ್ಲ. ಚಿತ್ರಗಳನ್ನು ಎರಡು ಕಡೆ ನಕಲು ಮಾಡಿಟ್ಟಿದ್ದೇನೆ. ನೀವೂ ಹಾಗೆಯೇ ಮಾಡಿ. ಇದು ಮನೆಗೆಲಸವೆಂದೇ ತಿಳಿಯಿರಿ.