ನಮ್ಮ ಕಡೆಯ ಹಡಗು

ಮರದ ಹಡಗುಗಳು ಕಡಲಿನಲ್ಲಿ ಮಾತ್ರವೇ ಓಡಾಡುತ್ತಿದ್ದುವೆಂದು ಅನೇಕರು ತಿಳಿದಿರುತ್ತಾರೆ. ಉತ್ತರ ಅಮೆರಿಕದ ಒಳನಾಡಿನ ಮಹಾಸರೋವರಗಳಲ್ಲಿಯೂ ಸ್ಕೂನರ್ ಎಂಬ ಹಾಯಿಹಡಗುಗಳು ಒಂದು ಕಾಲಕ್ಕೆ ನೂರಾರು ಸಂಖ್ಯೆಯಲ್ಲಿ ಸರಕು ಸಾಗಿಸುತ್ತಿದ್ದುವು. ೧೮೬೮ರಲ್ಲಿ ಕಟ್ಟಿದ ‘ರೌಸ್ ಸಿಮನ್ಸ್’ ಅವುಗಳಲ್ಲೊಂದು. ೧೯೧೨ರ ನವೆಂಬರಿನಲ್ಲಿ ಚಿಕಾಗೋ ಪಟ್ಟಣಕ್ಕೆ ಕ್ರಿಸ್‌ಮಸ್ ಮರಗಳನ್ನು ಹೇರಿಕೊಂಡು ಬರುತ್ತಿದ್ದಾಗ ಮಿಷಿಗನ್ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕಿ, ಅದರಲ್ಲಿದ್ದವರೆಲ್ಲರೊಡನೆ ಮುಳುಗಿಹೋಯಿತು. ೧೯೭೧ರಲ್ಲಿ ಅದು ನೀರಿನ ತಳದಲ್ಲಿ ಪತ್ತೆಯಾದಾಗ ಮರಗಳಿನ್ನೂ ಒಡಲಲ್ಲಿಯೇ ಇದ್ದುವು. ತಣ್ಣನೆಯ ಸಿಹಿನೀರು ಮರವನ್ನು ಬೇಗನೆ ಕೊಳೆಯಗೊಡದು.

ಈ ಸಂಗತಿಯನ್ನು ಐದನೆಯ ತರಗತಿಯಲ್ಲಿ ಹೇಳಿದೆವು. “ನಮ್ಮ ಕಡೆ ಹಡಗು ಇರಲಿಲ್ಲವೇ ಮೇಷ್ಟ್ರೇ?” ಎಂದು ಹುಡುಗಿಯೊಬ್ಬಳು ಕೇಳಿದಳು. ಹೊಸೂರು ಸೀಮೆಯ ದಕ್ಷಿಣ ಪಿನಾಕಿನಿಯಲ್ಲಿ ಹಡಗೆಲ್ಲಿಂದ ಬರಬೇಕು! ಆದರೆ ಡೆಂಕಣಿಕೋಟೆ, ಅಂಚೆಟ್ಟಿಗಳ ಕಾಡನ್ನು ದಾಟಿ ಕಾವೇರಿಗಿಳಿದರೆ ಹೊಗೇನಕಲ್ಲಿನಲ್ಲಿ ಹರಿಗೋಲು ಇದೆಯೆಂದೆವು. ಮಕ್ಕಳು ಪಿಳಿಪಿಳಿ ನೋಡಿದರು. ‘ಪರಿಸಲ್’ ಎಂದೊಡನೆ ಮುಖಗಳು ಅರಳಿದುವು. ವಸ್ತು ಕಣ್ಣಮುಂದಿದ್ದರೂ ಅದರ ಕನ್ನಡದ ಹೆಸರು ಮಾತ್ರ ಮಕ್ಕಳಿಂದ ಜಾರಿಹೋಗಿತ್ತು. “ಪಾಲು ಹಾಲಾದಂತೆ ಇದೂ ಆಯಿತೇ ಮೇಷ್ಟ್ರೇ?” ಎಂದನೊಬ್ಬ ಚುರುಕು ಹುಡುಗ. ಅವನ ಊಹೆಯನ್ನು ನಾವು ಮನಸಾರೆ ಮೆಚ್ಚಿಕೊಂಡೆವು.

ಹರಿಗೋಲು ಸಾಮಾನ್ಯವಾದ ವಾಹನವಲ್ಲ. ೧೫೨೦ರ ಸುಮಾರಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿರುವ, ಹೊರಮೈಗೆ ತೊಗಲು ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಮಂದಿಯನ್ನು ಅವು ಹೊರುತ್ತಿದ್ದುವಂತೆ; ಬೇಕಾದಲ್ಲಿ ಎತ್ತು ಕುದುರೆಗಳನ್ನೂ ದಾಟಿಸುತ್ತಿದ್ದುವಂತೆ. ನೆಟ್ಟಗೆ ಸಾಗದೆ ಗಿರಗಿರನೆ ತಿರುಗುವ ಅದರ ಗುಣವನ್ನೂ ಆತನು ಬಿಟ್ಟಿಲ್ಲ. ಪುರಂದರದಾಸರಂತೂ ಈ ದೇಹವನ್ನೇ ತೂತುಬಿದ್ದ ಹರಿಗೋಲಾಗಿ ಕಂಡರು.

ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಮೇಲೆ ಎಮ್ಮೆಯ ತೊಗಲನ್ನು ಬಿಗಿಯುವುದು ಹಳೆಯ ಕ್ರಮ. ಈಗ ತೊಗಲಿಗೆ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತಳವು ನೀರಿನೊಳಗೆ ಹೆಚ್ಚು ಇಳಿಯದಾದ್ದರಿಂದ ಬಂಡೆಗಳ ನಡುವೆಯೂ ಸಾಗಬಲ್ಲುದು. ಒಂದೇ ಹುಟ್ಟು ಸಾಕು. ಹೊಳೆಯ ಇಳಿಜಾರಿನಲ್ಲಿ ತೇಲಿಬಂದ ಅಂಬಿಗನು ಮರಳುವಾಗ ಅದನ್ನು ತಲೆಯ ಮೇಲೆ ಬೋರಲು ಹೊತ್ತು ನಡೆಯುತ್ತಾನೆ. ಹಡಗನ್ನೇ ಹೊತ್ತು ನಡೆಯುವ ನಾವಿಕರು ಇವರು!

ನಾವು ಮಾತನಾಡಿಸಿದ ಮುಪ್ಪಿನ ಅಂಬಿಗರೊಬ್ಬರು ತಮ್ಮ ಬಾಲ್ಯದಲ್ಲಿ ಆಚೆಯ ದಡದಿಂದ ರಾಗಿ, ಹುಣಿಸೆಹಣ್ಣು, ಮೇಕೆಮರಿಗಳನ್ನು ಹೇರಿ ತಂದುದನ್ನು ನೆನೆದರು. “ಈಗ ಮನುಷ್ಯರೇ ಸರಕು ಸ್ವಾಮಿ,” ಎಂದು ನಕ್ಕರು. ಅವರ ಮಾತು ದಿಟ. ರಸ್ತೆಯೂ ಲಾರಿಯೂ ಮೂಟೆಗಳನ್ನು ಕೊಂಡೊಯ್ದುವು. ಹರಿಗೋಲಿಗೆ ಉಳಿದುದು ಜಲಪಾತ ನೋಡಬಂದವರ ವಿನೋದ. ಅದೂ ಉಳಿದುದು ಲೇಸೇ. ಅಷ್ಟರಿಂದಲೇ ಅಲ್ಲಿ ಹಲವು ಮನೆಗಳ ಒಲೆ ಉರಿಯುತ್ತಿದೆ. ಆದರೆ ತೊಗಲನ್ನು ಹದಮಾಡಿ ಹೊಲಿದ ಆ ಕೈಗಳ ವಿದ್ಯೆಯನ್ನು ಬರೆದಿಡುವವರು ಯಾರು?

ಹೊಗೇನಕಲ್ಲಿನಿಂದ ಕೆಳಗೆ, ೧೯೩೪ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ವಿಶಾಲ ಜಲಾಶಯವಿದೆ. ನೀರು ಬಹಳ ಇಳಿದ ವರ್ಷಗಳಲ್ಲಿ ಮುಳುಗಿದ ಊರಿನ ಹಳೆಯ ನಂದಿಯೂ ಇಗರ್ಜಿಯ ಗೋಪುರವೂ ಮೇಲೆದ್ದು ತೋರುತ್ತವೆ. ಬಿದಿರಿನ ಹರಿಗೋಲು ಹಾಗೆ ಏಳುವ ವಸ್ತುವಲ್ಲ. ಮಿಷಿಗನ್ನಿನ ಹಡಗಿನಂತೆ ಅದನ್ನು ಹುಡುಕಿ ತೆಗೆಯಲು ಯಾವ ಮುಳುಗುಗಾರನಿಗೂ ಆಗದು. ಆದುದರಿಂದ ನಮ್ಮ ಮಕ್ಕಳಿಗೆ ತಂತಮ್ಮ ಮನೆಯ ಹಿರಿಯರನ್ನು ಕೇಳಿ ಬರುವಂತೆ ಹೇಳಿದ್ದೇವೆ. ಈವರೆಗೆ ಏಳು ಮಂದಿ ಬರೆದು ತಂದಿದ್ದಾರೆ. ಒಬ್ಬನ ತಾತನು ತನ್ನ ಮದುವೆಗೆ ಹರಿಗೋಲಿನಲ್ಲಿಯೇ ಹೊಳೆ ದಾಟಿದನಂತೆ; ಹೆಣ್ಣಿನ ಕಡೆಯವರು ಎರಡನೆಯ ಹರಿಗೋಲಿನಲ್ಲಿ ಬಂದರಂತೆ.