ಒಳಗೆ ಜಾಗ ಉಳಿದ ಕಾಡತೂಸು

ಬಿಜಿಎಂಐ ಆಡೋರಿಗೆ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಅಂದ್ರೆ 9 ಎಂಎಂ, ಇಲ್ಲಾಂದ್ರೆ .45 ಎಸಿಪಿ. ನಮಗೂ ಅಷ್ಟೇ ಗೊತ್ತಿದ್ದದ್ದು. ಇವೆರಡರ ನಡುವೆ 10 ಎಂಎಂ ಆಟೋ ಅಂತ ಇನ್ನೊಂದು ಕಾಡತೂಸು ಇದೆ. (ಕಾರ್ಟ್ರಿಜ್‌ಗೆ ಕನ್ನಡದಲ್ಲಿ ಇಂಥ ಗಟ್ಟಿ ಪದ ಇರೋದು ನಮಗೆ ಈಗಷ್ಟೇ ಗೊತ್ತಾಗಿದ್ದು.) ಅದರ ಕಥೆ ಓದೋಕೆ ಕೂತ್ರೆ, ಬಂದೂಕಿಗಿಂತ ನಮ್ಮ ಮಷೀನ್ ಡಿಸೈನ್ ಕ್ಲಾಸೇ ಜಾಸ್ತಿ ನೆನಪಾಯ್ತು.

1983ರಲ್ಲಿ ಬ್ರೆನ್ ಟೆನ್ ಅನ್ನೋ ಪಿಸ್ತೂಲಿನ ಜೊತೆ ಇದು ಮಾರುಕಟ್ಟೆಗೆ ಬಂತು. ಹಿಂದಿದ್ದ ಹೆಸರು ಅಮೆರಿಕದ ಶೂಟಿಂಗ್ ಗುರು ಜೆಫ್ ಕೂಪರ್. ಕಾಡತೂಸು ತಯಾರಿಸಿದ್ದು ಸ್ವೀಡನ್ನಿನ ನಾರ್ಮಾ. ಸುಮಾರು 13 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 365 ಮೀಟರ್ ವೇಗ. ಅರ್ಧ ಎಂವಿ ಸ್ಕ್ವೇರ್ ಹಾಕಿ ನೋಡಿ, 860 ಜೂಲ್ ದಾಟುತ್ತೆ. ಆದ್ರೆ ಎಷ್ಟೋ ಗ್ರಾಹಕರಿಗೆ ಪಿಸ್ತೂಲು ಬಂತೇ ಹೊರತು ಮ್ಯಾಗಜೀನ್ ಬರಲಿಲ್ಲ! 1986ರಲ್ಲಿ ಕಂಪನಿಯೇ ಮುಚ್ಚಿತು. ಮರುವರ್ಷ ಕೋಲ್ಟ್ ಕಂಪನಿ ಡೆಲ್ಟಾ ಎಲೀಟ್ ತರದಿದ್ದರೆ ಕಾಡತೂಸೂ ಅಲ್ಲಿಗೇ ಮುಗೀತಿತ್ತೇನೋ.

ಅದೇ 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಎಂಟು ಎಫ್‌ಬಿಐ ಏಜೆಂಟರು ಅಡ್ಡಗಟ್ಟಿದರು. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯ. ಏಜೆಂಟರ ಒಂದು 9 ಎಂಎಂ ಗುಂಡು ದರೋಡೆಕೋರನ ಎದೆಗೆ ಹೊಕ್ಕು, ಹೃದಯ ಇನ್ನೇನು ಒಂದಿಂಚು ಇದೆ ಅನ್ನುವಾಗ ನಿಂತುಬಿಟ್ಟಿತ್ತು. ಅವನು ಗುಂಡು ಹಾರಿಸುತ್ತಲೇ ಇದ್ದ. ತಪ್ಪೆಲ್ಲ ಆ ಗುಂಡಿನ ತಲೆಗೆ ಬಂತು. ಆದರೆ ಅವನ ಕೈಲಿದ್ದದ್ದು ರೈಫಲ್. ಏಜೆಂಟರಲ್ಲಿ ಹೆಚ್ಚಿನವರ ಹತ್ತಿರ ರಿವಾಲ್ವರ್. ಕಾರು ಡಿಕ್ಕಿಯಾದಾಗ ಒಬ್ಬರ ರಿವಾಲ್ವರ್ ಕೈತಪ್ಪಿ ಹೋಗಿತ್ತು. ಎರಡು ಜೀವ ಹೋದ ಮೇಲೆ ಇಷ್ಟನ್ನೂ ಒಂದೇ ಪಾರ್ಟ್ ನಂಬರಿನ ಮೇಲೆ ಹಾಕೋದು ಸರಿಯಾ? ನಮಗಂತೂ ಒಪ್ಪಿಗೆಯಿಲ್ಲ.

ಎಫ್‌ಬಿಐ ಹೊಸ ಪರೀಕ್ಷೆ ರೂಪಿಸಿತು: ಗುಂಡು ಜೆಲಾಟಿನ್‌ನಲ್ಲಿ ಕನಿಷ್ಠ 12 ಇಂಚು ಒಳಗೆ ಹೋಗಬೇಕು. 10 ಎಂಎಂ ಪಾಸಾಯ್ತು. ಆದ್ರೆ ಪೂರ್ತಿ ಶಕ್ತಿಯಲ್ಲಿ ಹಾರಿಸಿದರೆ ಕೈಗೆ ಹೊಡೆತ ಜಾಸ್ತಿ. ಹಾಗಾಗಿ ಮದ್ದು ಕಡಿಮೆ ಮಾಡಿ ವೇಗವನ್ನು ಸುಮಾರು 290 ಮೀಟರಿಗೆ ಇಳಿಸಿದರು. ಪರೀಕ್ಷೆಗೆ ಅಷ್ಟೇ ಸಾಕಾಗಿತ್ತು.

ನಮಗೆ ತುಂಬಾ ಇಷ್ಟವಾದ ಭಾಗ ಇದು. ಮದ್ದು ಕಮ್ಮಿಯಾದ ಮೇಲೆ ಹಿತ್ತಾಳೆ ಕೇಸಿನೊಳಗೆ ಸುಮ್ಮನೆ ಜಾಗ ಉಳೀತು. ಪಿಸ್ತೂಲಿನಲ್ಲಿ ಮ್ಯಾಗಜೀನ್ ಹಿಡಿಕೆಯೊಳಗೇ ಇರುತ್ತಲ್ಲ, ಕಾಡತೂಸು ಉದ್ದವಾದಷ್ಟೂ ಹಿಡಿಕೆ ಅಗಲ. ಚಿಕ್ಕ ಕೈಯವರಿಗೆ ಹಿಡಿಯೋದೇ ಕಷ್ಟ. ಸ್ಮಿತ್ ಆ್ಯಂಡ್ ವೆಸನ್, ವಿಂಚೆಸ್ಟರ್ ಎಂಜಿನಿಯರ್‌ಗಳು ಆ ಖಾಲಿ ಜಾಗವನ್ನೇ ಕತ್ತರಿಸಿ ಹಾಕಿದರು! 25.2 ಮಿ.ಮೀ. ಕೇಸು 21.6ಕ್ಕೆ ಇಳಿಯಿತು, ಗುಂಡಿನ ವ್ಯಾಸ ಅದೇ. 9 ಎಂಎಂ ಪಿಸ್ತೂಲಿನ ಅಳತೆಯಲ್ಲೇ ಕೂರುವ .40 ಎಸ್ ಆ್ಯಂಡ್ ಡಬ್ಲ್ಯೂ 1990ರಲ್ಲಿ ಹೊರಬಂತು. ಅಮೆರಿಕದ ಪೊಲೀಸರು ಮುಗಿಬಿದ್ದು ತಗೊಂಡ್ರು. ದೊಡ್ಡಣ್ಣ ಮೂಲೆ ಸೇರಿದ.

ಅದೂ ಶಾಶ್ವತವಲ್ಲ. 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗ 9 ಎಂಎಂ ಪರವಾಗಿಯೇ ವಾದ ಮುಂದಿಟ್ಟಿತು. ಅಷ್ಟರಲ್ಲಿ ಗುಂಡಿನ ರಚನೆ ಸುಧಾರಿಸಿತ್ತು. ಕೈಗೆ ಹೊಡೆತ ಕಡಿಮೆ, ಮ್ಯಾಗಜೀನ್‌ನಲ್ಲಿ ಹೆಚ್ಚು ಕಾಡತೂಸು, ಬೇಗ ಗುರಿ ಹಿಡಿಯಬಹುದು. ಮಯಾಮಿಯಲ್ಲಿ ಬೈಸಿಕೊಂಡ ಅದೇ ಅಳತೆ!

10 ಎಂಎಂ ಸತ್ತಿಲ್ಲ. ಈಶಾನ್ಯ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಡೆನ್ಮಾರ್ಕ್ ಸೇನೆಯ ಸಿರಿಯಸ್ ಗಸ್ತು ತಂಡ ನಾಯಿಗಾಡಿಯಲ್ಲಿ ತಿಂಗಳುಗಟ್ಟಲೆ ಸುತ್ತುತ್ತೆ. ಹಿಮಕರಡಿ ಎದುರಾದರೆ ಇರಲಿ ಅಂತ ಅವರು ಸೊಂಟದಲ್ಲಿ ಇಟ್ಟುಕೊಳ್ಳೋದು 10 ಎಂಎಂನ ಗ್ಲಾಕ್ 20. ಅಲ್ಲಿ ಯಾರೂ ಮದ್ದು ಕಮ್ಮಿ ಮಾಡಿ ಅಂತ ಕೇಳಲ್ಲ.